ದಿಬ್ಬದಲ್ಲಿ ನಲವತ್ತೆಂಟು ವೋಲ್ಟ್

ಮಾರ್ಚ್ ೧೪, ಗುರುವಾರ

ಇವತ್ತು ಅಮ್ಮ ಮಾಡಿದ್ದಕ್ಕೆ ಅವಳ ಮೇಲೆ ಇನ್ನೂ ಸಿಟ್ಟು ಇಳಿದಿಲ್ಲ. ಹೋದ ವಾರ ಗಾಲ್ಫ್ ಮೈದಾನದ ದಿಬ್ಬದಲ್ಲಿ ನಾನೂ ಅಮ್ಮನೂ ಹುಲ್ಲಿನ ಗುಂಡಿ ಮುಚ್ಚಲು ಮರಳು ಸಾಗಿಸುವ ಬ್ಯಾಟರಿ ಗಾಡಿ ನಿಂತುಬಿಟ್ಟಾಗ ಕ್ಲಬ್ಬಿನ ಕಾರ್ಯದರ್ಶಿ ತನ್ನ ಗಾಡಿಯಲ್ಲಿ ಕೂತೇ ಅಮ್ಮನನ್ನು ನೋಡಿ ನಕ್ಕಿದ್ದ: "ಇಳಿದು ತಳ್ಳಮ್ಮ, ನಿಂಗೂ ಗಾಡಿಗೂ ಒಂದೇ ವಯಸ್ಸು."

ಅವಮಾನ ನುಂಗಿಕೊಂಡವನೇ ಗುಲಾಮ ಎಂದು ಕಾರ್ಮಿಕ ಸಂಘದ ಕರಪತ್ರದಲ್ಲಿ ಓದಿದ್ದೇನೆ. ನಾನು ನುಂಗಲಿಲ್ಲ. ಪೆಟ್ಟು ಬಿದ್ದು ಮೂಲೆ ಸೇರಿದ್ದ ಇನ್ನೊಂದು ಗಾಡಿಯ ಬ್ಯಾಟರಿ, ಮೋಟಾರಿಗೆ ಕರೆಂಟು ಅಳೆದು ಬಿಡುವ ಕಂಟ್ರೋಲರ್ ತಂದು ಕೂರಿಸಿ, ಮೂವತ್ತಾರು ವೋಲ್ಟಿನ ಈ ಮುದಿ ಗಾಡಿಯನ್ನು ನಲವತ್ತೆಂಟಕ್ಕೆ ಏರಿಸಿದೆ.

ಇವತ್ತು ಅದೇ ದಿಬ್ಬದಲ್ಲಿ, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರ್ಯದರ್ಶಿಯ ಗಾಡಿಯನ್ನು ಹಿಂದೆ ಹಾಕಿದೆ. ಅವನದು ಇಂಗು ತಿಂದ ಮಂಗನ ಮುಖ.

"ನೋಡಿದ್ಯಾಮ್ಮ?"

"ಏನ್ ನೋಡೋದೋ? ನೀನು ಓಡಿಸೋ ಚೆಂದಕ್ಕೆ ಕಣ್ಣು ಮುಚ್ಕೊಂಡು ಕೂತಿದ್ದೆ."

ನಾಳೆಯೂ ದಿಬ್ಬದ ಕೆಳಗೆ ಅವನ ಗಾಡಿಗಾಗಿ ಕಾಯುತ್ತೇನೆ. ಅಮ್ಮ ಕಣ್ಣು ತೆರೆದು ಆ ಮುಖ ನೋಡುವವರೆಗೂ ಅವನನ್ನು ಮುಂದೆ ಹೋಗಲು ಬಿಡುವುದಿಲ್ಲ, ಒಂದು ದಿನವೂ.