ಕುಬಸವೂ ಪರೀಕ್ಷೆಯೂ

ಬಳ್ಳಾರಿ
12-3-1978

ನನ್ನ ಮುದ್ದು ಕೊಟ್ರಮ್ಮನಿಗೆ ಅವ್ವನ ತುಂಬು ಹರಕೆ.

ಹೇಗಿದ್ದೀಯ ತಾಯಿ? ಕಾಲಿನ ಬಾವು ಇಳಿಯಿತೇ? ದೇಶನೂರಿನ ಗದ್ದೆ ಬದುವಿನ ಮೇಲೆ ಓಡಾಡಬೇಡ, ಕಾಲು ಜಾರೀತು. ನಿಮ್ಮ ಅತ್ತೆಯವರು ಕುಬಸಕ್ಕೆ ದಿನ ಹಿಡಿದು ಹೇಳಿಕಳಿಸಿದ್ದು ಮುಟ್ಟಿತು. ಚೊಚ್ಚಲ ಬಸುರಿಗೆ ತವರಿನ ಹಸಿರು ಸೀರೆ, ಕುಬಸ ತಂದು ಅವ್ವನೇ ಉಡಿ ತುಂಬಬೇಕು ಅನ್ನುವುದು ನನಗೂ ಗೊತ್ತು. ಆದರೆ ನನ್ನ ಪರೀಕ್ಷೆಯೂ ಅದೇ ವಾರ. ಆ ಮಾತಿಗೆ ಆಮೇಲೆ ಬರುತ್ತೇನೆ, ಈಗ ಧೈರ್ಯ ಸಾಲದು.

ಮೊಮ್ಮಗುವನ್ನು ಎತ್ತಿಕೊಳ್ಳುವ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಯಾಕೆ ಅಂತ ನಿಮ್ಮ ಮನೆಯಲ್ಲಿ ನಕ್ಕರಂತೆ. ನಗಲಿ. ನಮ್ಮ ಹೊಲಿಗೆ ಅಂಗಡಿಗೆ ಬಂದರೆ ಇನ್ನೂ ನಗುತ್ತಾರೆ. ಸಂಜೆ ಐದಾಯಿತೆಂದರೆ ಮಾಲೀಕರು ವಿರೂಪಾಕ್ಷಪ್ಪನವರು ಮಿಷನ್ನುಗಳನ್ನು ನಿಲ್ಲಿಸುತ್ತಾರೆ. ಬಟ್ಟೆ ಕತ್ತರಿಸುವ ಮೇಜೇ ನಮ್ಮ ಶಾಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ನಮ್ಮ ಲೆಕ್ಕ. ನಿವೃತ್ತ ಮೇಷ್ಟ್ರೊಬ್ಬರು ಬಂದು ಕಲಿಸುತ್ತಾರೆ. ಅವರ ಮನೆಮಂದಿಯ ಬಟ್ಟೆಯೆಲ್ಲ ನಮ್ಮಲ್ಲಿ ಪುಕ್ಕಟೆ ಹೊಲಿಗೆ. ನನ್ನ ಜೊತೆ ಹೊಲಿಯುವ, ಎರಡು ಮಕ್ಕಳ ತಂದೆ ದುರುಗಪ್ಪನಿಗೆ ಬಸ್ ಕಂಡಕ್ಟರ್ ಆಗುವ ಆಸೆ. ಗುಂಡಿ ಹಚ್ಚುವ ಜೋಗಪ್ಪಜ್ಜನಿಗೆ ಯಾವ ಕೆಲಸವೂ ಬೇಕಿಲ್ಲ. "ಬಸ್ಸಿನ ಬೋರ್ಡು ಓದಾಕ ಬಂದ್ರ ಸಾಕವ್ವಾ, ಕುರುಗೋಡಿಗೆ ಹೋಗಾಕ ಮಂದೀನ ಎಷ್ಟಂತ ಕೇಳ್ಲಿ?" ಅನ್ನುತ್ತಾನೆ. ಮೊನ್ನೆ ಹುರುಪಿನಲ್ಲಿ ಗಿರಾಕಿಯ ಕರಿ ಪ್ಯಾಂಟಿನ ಮೇಲೇ 'ಕುರುಗೋಡು' ಅಂತ ಬರೆದುಬಿಟ್ಟ. ಮಾಲೀಕರು ಒರೆಸುವ ಮೊದಲು ಎಲ್ಲರನ್ನೂ ಕರೆದು ತೋರಿಸಿದರು.

ನನ್ನದೇನು ಅಂತ ಕೇಳಿದರೆ, ಹೊಲಿಗೆ ಟೀಚರ್ ಕೆಲಸಕ್ಕೆ ಬೇಕು ಅನ್ನುವುದು ಊರಿಗೆ ಹೇಳುವ ಕಾರಣ. ಮದುವೆ ಅಂತ ಏಳನೇ ಕ್ಲಾಸಿಗೆ ಬಿಡಿಸಿದಾಗ ಪಾಠ ಅರ್ಧಕ್ಕೇ ನಿಂತಿತ್ತು. ಅದರ ಮುಂದೇನು ಅನ್ನುವ ಹಸಿವು ಇಷ್ಟು ವರ್ಷವಾದರೂ ಹೋಗಲಿಲ್ಲ ಮಗಳೇ. ಪರೀಕ್ಷೆಗೆ ಮಾಲೀಕರು ಸಂಬಳದ ರಜೆ ಕೊಟ್ಟಿದ್ದಾರೆ. "ನೀವು ಟೀಚರ್ ಆಗಿ ಹೋದ್ರ ನನ್ನ ಅಂಗಡಿ ಗತಿ ಏನ್ರೀ?" ಅಂತ ಗೊಣಗುತ್ತಲೇ ನನ್ನ ಪಾಲಿನ ಮದುವೆ ಬಟ್ಟೆಗಳನ್ನು ಬೇರೆಯವರಿಗೆ ಹಂಚಿದರು.

ಅತ್ತೆ ಮಾವನವರಿಗೆ ನಮಸ್ಕಾರ, ಅಳಿಯಂದಿರಿಗೆ ಆಶೀರ್ವಾದ. ಹೊಟ್ಟೆತುಂಬ ಉಣ್ಣು.

ನಿನ್ನ ಅವ್ವ,
ಶಿವಬಸಮ್ಮ

ತಾ.ಕ.: ಕುಬಸದ ದಿನವೇ ಗಣಿತದ ಪರೀಕ್ಷೆ. ನಿಮ್ಮ ಅತ್ತೆಯವರಿಗೆ ಹೇಳಿಕಳಿಸಿ ನೋಡಿದೆ, ಬೇರೆ ಒಳ್ಳೆಯ ದಿನ ಇಲ್ಲವಂತೆ. ಕುಬಸ ನಾನೇ ಹೊಲಿದಿದ್ದೇನೆ. ನಿನ್ನ ಚಿಕ್ಕಮ್ಮ ಸುಂಕಮ್ಮ ಸೀರೆ, ಹೋಳಿಗೆ ತಗೊಂಡು ಬರುತ್ತಾಳೆ. ನಿನ್ನ ಮುಖ ನೆನೆದರೆ ಸಂಕಟವಾಗುತ್ತದೆ. 'ಬಾ ಅವ್ವಾ' ಅಂತ ನೀನು ಒಂದು ಮಾತು ಬರೆದರೂ ಪರೀಕ್ಷೆ ಬಿಟ್ಟು ಬಂದುಬಿಡುತ್ತೇನೆ. ಅದಕ್ಕೇ ಕೇಳಿಕೊಳ್ಳುತ್ತೇನೆ, ಬರೆಯಬೇಡ.