ಸೇಂಟ್ ಲೂಸಿಯಾಕ್ಕೆ ಎರಡು ಟಿಕೆಟ್

ಅಲ್ ಖುವೈರ್, ಮಸ್ಕತ್
12 ನವೆಂಬರ್ 1994

ಪ್ರೀತಿಯ ಎಡ್ಮಂಡ್ ಪುತಾ,

ಕೆರಿಬಿಯನ್ ದ್ವೀಪಗಳ ವಿಷಯದಲ್ಲಿ ಇಡೀ ಒಮಾನಿನಲ್ಲಿ ಈ ನಿನ್ನ ಚಿಕ್ಕಪ್ಪನಷ್ಟು ತಿಳಿದವನಿಲ್ಲ. ಇಲ್ಲಿನ ಮಂತ್ರಿಗಳು ರಜೆಗೆ ಹೊರಡುವ ಮುಂಚೆ ನನ್ನನ್ನೇ ಕೇಳುವುದು. ನಿನಗೆ ಆ ಕಡೆ ಹೋಗುವ ಹಡಗಿನಲ್ಲಿ ಕೆಲಸವಾಯಿತೆಂದು ತಿಳಿದು ಬರೆಯುತ್ತಿದ್ದೇನೆ.

ಕಳೆದ ವರ್ಷ ರಜೆಗೆ ನಾನು ಬಾರ್ಬಡೋಸ್ ಆರಿಸಿದ್ದೆ, ಕ್ರಿಕೆಟ್ಟಿಗಾಗಿ. ಕಣ್ಣು ಮಂಜಾಗುತ್ತಿದ್ದ ನಿನ್ನ ಚಿಕ್ಕಮ್ಮ ಇಸಾಬೆಲ್ಲಾ ಒಪ್ಪಲಿಲ್ಲ.

"ಬಿಸಿಲಿಗೆ ಮಸ್ಕತ್ತೇ ಸಾಲದಾ ಮಾರಾಯ್ರೆ? ಹೋಗುವುದಾದ್ರೆ ಸೇಂಟ್ ಲೂಸಿಯಾಕ್ಕೆ. ಕಣ್ಣು ಕಾಯುವ ಲೂಸಿಯಮ್ಮನ ಹೆಸರಿನ ಊರು ಅದು," ಎಂದಳು.

ಟ್ರಾವೆಲ್ ಏಜೆಂಟನಿಗೆ ಇಬ್ಬರ ಟಿಕೆಟ್ಟಿನ ಹಣ ಕಟ್ಟಿದೆ. ಅವನು ಆಫೀಸಿಗೆ ಬೀಗ ಜಡಿದು ಓಡಿಹೋದ. ಅವಳಿಗೆ ಹೇಳಲಿಲ್ಲ. ಈ ಮಾರ್ಚಿನಲ್ಲಿ ಅವಳು ತೀರಿಕೊಳ್ಳುವವರೆಗೂ "ಟಿಕೆಟ್ ಬರ್ತದೆ" ಎನ್ನುತ್ತಲೇ ಇದ್ದೆ.

ಈಗ ಸಂಜೆ ಲೈಟು ಹಾಕಿದ ಕೂಡಲೇ ಅಡುಗೆಮನೆಯಿಂದ ಕೇಳುತ್ತಾಳೆ, "ಟಿಕೆಟ್ ಬಂತಾ?" ನನಗೆ ಹೆದರಿಕೆ ಎಂಬುದಿಲ್ಲ, ನಿನಗೆ ಗೊತ್ತಲ್ಲ. ಆದರೂ ಲೈಟು ಹಾಕುವುದನ್ನು ಬಿಟ್ಟೆ. ಪ್ರಯೋಜನವಾಗಲಿಲ್ಲ. ಅವಳಿಗೆ ಕತ್ತಲೆ ರೂಢಿಯಾಗಿದೆ, ಗೋಡೆ ಸವರಿಕೊಂಡು ಬರುತ್ತಾಳೆ.

ನಿನ್ನ ಹಡಗು ಆ ದ್ವೀಪದಲ್ಲಿ ನಿಂತರೆ, ಇಗರ್ಜಿಯಲ್ಲಿ ಅವಳ ಹೆಸರಿಗೆ ಒಂದು ಮೇಣದಬತ್ತಿ ಹಚ್ಚು. "ಚಿಕ್ಕಮ್ಮ, ಊರು ಬಂತು" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳು.

ಏಜೆಂಟ್ ನುಂಗಿದ್ದು ನೂರು ರಿಯಾಲ್ ಎಂದು ನಿನ್ನ ಅಮ್ಮನಿಗೆ ಹೇಳಿದ್ದೆ. ನೂರಲ್ಲ ಪುತಾ. ಅವಳ ಕಣ್ಣಿನ ಆಪರೇಷನ್ನಿಗೆಂದು ಇಟ್ಟಿದ್ದ ಸಾವಿರದ ಇನ್ನೂರೂ ಹೋಯಿತು.

ನಿನ್ನ ಬಾಪ್ಪು,
ಫೌಸ್ಟಿನ್