ಹೇಮಚಂದ್ರರ ಹಕ್ಕಿಗಳು

ಬ್ಯಾಲಿನ್‌ಕೊಲಿಗ್
ಐರ್ಲೆಂಡ್, ಫೆಬ್ರವರಿ ೨೦೨೧

ದೊಡ್ಡಪ್ಪನವರಿಗೆ ಐಶ್ವರ್ಯಾಳ ನಮಸ್ಕಾರಗಳು.

ಕೋವಿಡ್ ವಾರ್ಡಿಗೆ ನಮ್ಮನ್ನು ಬಿಡುತ್ತಿಲ್ಲ. ಈ ಪತ್ರವನ್ನು ಡಾಕ್ಟರ್ ರಜತ್ ನಿಮಗೆ ಓದಿ ಹೇಳುತ್ತಾರೆ. "ವೆಂಟಿಲೇಟರ್ ತೆಗೆದ್ವಿ, ಈಗ ಆರಾಮಾಗಿದ್ದಾರೆ, ಆದ್ರೆ ಊಟಾನೇ ಮುಟ್ತಿಲ್ಲ" ಎಂದರು. ದಯವಿಟ್ಟು ಗಂಜಿಯನ್ನಾದರೂ ಕುಡಿಯಿರಿ.

ನಿನ್ನೆ ಕಿಟಕಿ ತೆರೆದು, ನೀವು ಹಕ್ಕಿಗಳ ಕೂಗು, ಅಲೆಗಳ ಸದ್ದು ಸೇರಿಸಿ ತಯಾರಿಸಿದ ದ್ವೀಪಸಂಗೀತದ ಮೊದಲ ರೆಕಾರ್ಡ್ ಹಾಕಿದೆ. ಬೀದಿಯವರೆಲ್ಲ ತಮ್ಮ ತಮ್ಮ ಗೇಟಿನಲ್ಲೇ ನಿಂತು ಕೇಳಿದರು. ಆ ಹಕ್ಕಿಗಳು ಯಾವ ದ್ವೀಪದವು ಎಂದು ಎದುರುಮನೆಯ ಮೋರೀನ್ ಕೇಳಿದರು. ಕಾರ್ಕಿನ ಸ್ಟುಡಿಯೋದಲ್ಲಿ ನೀವೇ ಬಾಯಲ್ಲಿ ಕೂಗಿದ್ದು, ಅಲೆಗಳ ಸದ್ದು ರತ್ನಾ ದೊಡ್ಡಮ್ಮ ಮೊರದಲ್ಲಿ ಅಕ್ಕಿ ಕೇರಿದ್ದು ಎಂದೆ. ಅವರು ನಂಬಲೇ ಇಲ್ಲ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ?

ಇನ್ನೊಂದು ವಿಷಯ. ಡಬ್ಲಿನ್ನಿನ ಕಂಪನಿಯೊಂದು ನಿಮ್ಮ ರೆಕಾರ್ಡುಗಳನ್ನೆಲ್ಲ ಮತ್ತೆ ಹೊರತರುತ್ತದಂತೆ. ಹೇಮಚಂದ್ರ ಎಂಬ ನಿಮ್ಮ ಹೆಸರಿದ್ದರೆ ಯಾರೂ ಕೊಳ್ಳುವುದಿಲ್ಲವೆಂದು ಆಗಿನ ಕಂಪನಿಯವರು ಕವರಿನ ಮೇಲೆ 'ರಿಕಿ ಲಗೂನ್' ಎಂದು ಅಚ್ಚು ಹಾಕಿಸಿದ್ದರಲ್ಲ? ನೀವು ಗೊಣಗದೆ ಜೀವಮಾನವೆಲ್ಲ ಆ ಹೆಸರಿಗೇ ದುಡಿದಿರಿ. ಈ ಸಲ ಯಾವ ಹೆಸರು ಹಾಕಬೇಕೆಂದು ಕೇಳಿದರು. ನಿಮ್ಮನ್ನು ಕೇಳದೆಯೇ ಹೇಮಚಂದ್ರ ಎಂದುಬಿಟ್ಟೆ.

ನಾನು ಹೇಳಿದ್ದು ತಪ್ಪಾಗಿದ್ದರೆ, ಮನೆಗೆ ಬಂದು ಬೈಯಿರಿ.

ನಿಮ್ಮ ದಾರಿ ಕಾಯುತ್ತಿರುವ
ಐಶ್ವರ್ಯಾ